ಒಂದೇ ಹಾಳೆಯಲ್ಲಿ ಮೂರು ಎಲೆ: ವೋಜ್ ಬೆಟ್ಟದ ವೈಟ್‌ಬೀಮ್ ಗುರುತಿಸಿದ ಒಂದು ಪ್ರಕರಣ

ಫ್ರಾನ್ಸಿನ ಪೂರ್ವದಂಚಿನ ವೋಜ್ ಬೆಟ್ಟಸಾಲಿನ ಬುಡದಲ್ಲಿ, ಅಲ್ಸಾಸ್ ಮಗ್ಗುಲಿನ ಒಂದು ಕಣಿವೆಯ ಊರಿನಲ್ಲಿ ನಾನು ಹನ್ನೆರಡು ವರ್ಷದಿಂದ ಇದ್ದೇನೆ. ವಾರಾಂತ್ಯದಲ್ಲಿ ಅಲ್ಲಿನ ಚಾರಣಿಗರ ಸಣ್ಣ ಸಂಘವೊಂದಕ್ಕೆ ಕೈಜೋಡಿಸುತ್ತೇನೆ. ಕಾಡುದಾರಿಯ ಗುರುತುಗಳಿಗೆ ಬಣ್ಣ ಬಳಿಯುವುದು, ಗಾಳಿಗೆ ಬಿದ್ದ ಕೊಂಬೆಗಳನ್ನು ಎಳೆದು ಹಾಕುವುದು, ಶಾಲೆಯ ಮಕ್ಕಳು ಬಂದಾಗ ಮರಗಳ ಹೆಸರು ಹೇಳುವುದು ನನ್ನ ಕೆಲಸ. ಈ ಕೊನೆಯ ಕೆಲಸದಲ್ಲಿ ನನಗಿದ್ದ ಧೈರ್ಯ ನನಗಿದ್ದ ತಿಳಿವಳಿಕೆಗಿಂತ ದೊಡ್ಡದಾಗಿತ್ತು ಎಂಬುದು ಮುಂದೆ ಹೇಳುವ ಸಂಗತಿಯಿಂದ ಗೊತ್ತಾಯಿತು.

ಸಂಘದ ಹೆಸರು, ಊರಿನ ಹೆಸರು, ಮರಗಳು ನಿಂತಿರುವ ನಿಖರ ಜಾಗ ಮೂರನ್ನೂ ಇಲ್ಲಿ ಹೇಳುವುದಿಲ್ಲ. ಪ್ರಕರಣದಲ್ಲಿ ನನ್ನನ್ನು ಬಿಟ್ಟರೆ ಮುಖ್ಯರಾದವರು ಇಬ್ಬರು. ಒಬ್ಬರು ಸಂಘದ ಅಧ್ಯಕ್ಷರು. ಎಪ್ಪತ್ತು ದಾಟಿದವರು, ಈ ಬೆಟ್ಟದಲ್ಲೇ ಹುಟ್ಟಿ ಬೆಳೆದವರು. ಇನ್ನೊಬ್ಬರು ನಮ್ಮ ಮಲೆನಾಡಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದ ಮೇಷ್ಟರು. ಮಗ ಸೊಸೆಯ ಮನೆಗೆಂದು ತೊಂಬತ್ತು ದಿನಗಳ ವೀಸಾದಲ್ಲಿ ಬಂದಿದ್ದರು. ಮಗ ಸೊಸೆ ಬೆಳಿಗ್ಗೆ ಕೆಲಸಕ್ಕೆ ಹೊರಟರೆ ಮೇಷ್ಟರಿಗೆ ಹೊತ್ತು ಹೋಗುತ್ತಿರಲಿಲ್ಲ. ಅವರನ್ನು ಬೆಟ್ಟಕ್ಕೆ ಕರೆದೊಯ್ಯುವ ಕೆಲಸ ಹಾಗೆ ನನ್ನ ಪಾಲಿಗೆ ಬಂತು.

ಹಿನ್ನೆಲೆ

ಸಂಘವು ಆ ವರ್ಷ ಒಂದು ಮರಗಳ ಕಾಲುದಾರಿ ಮಾಡುವುದೆಂದು ನಿರ್ಧರಿಸಿತ್ತು. ಹನ್ನೆರಡು ಮರ, ಹನ್ನೆರಡು ಫಲಕ. ಹನ್ನೊಂದರ ಬಗ್ಗೆ ಯಾರಿಗೂ ತಕರಾರಿರಲಿಲ್ಲ: ಬೀಚ್, ಫರ್, ರೋವನ್, ಮೇಪಲ್ ಹೀಗೆ. ಹನ್ನೆರಡನೆಯದರ ಮೇಲೆ ಮಾತ್ರ ಅಧ್ಯಕ್ಷರಿಗೆ ವಿಶೇಷ ಅಭಿಮಾನ. ಅದು ಬೆಟ್ಟದ ವೈಟ್‌ಬೀಮ್. ಜರ್ಮನ್ನರು ಇದನ್ನು ವೋಜ್‌ನ ಮೇಲ್‌ಬೇರೆ ಎನ್ನುತ್ತಾರೆ. ಹಣ್ಣಿನ ತಿರುಳು ಹಿಟ್ಟುಹಿಟ್ಟಾಗಿರುವುದರಿಂದ ಬಂದ ಹೆಸರು, ‘ಹಿಟ್ಟುಹಣ್ಣು’ ಎಂದರೆ ಸರಿಹೋಗುತ್ತದೆ. ಬರಗಾಲದಲ್ಲಿ ಈ ಕುಲದ ಹಣ್ಣನ್ನು ಒಣಗಿಸಿ, ಪುಡಿ ಮಾಡಿ ಹಿಟ್ಟಿಗೆ ಬೆರೆಸುತ್ತಿದ್ದುದೂ ಉಂಟು. ಇಂಗ್ಲಿಷಿನ ‘ಬೀಮ್’ ಎಂಬ ಮಾತಿಗೆ ಹಳೆಯ ಕಾಲದಲ್ಲಿ ಮರ ಎಂದೇ ಅರ್ಥವಿತ್ತು. ಹಾಗಾಗಿ ‘ವೈಟ್‌ಬೀಮ್ ಮರ’ ಎಂದರೆ ‘ಬಿಳಿಮರದ ಮರ’ ಎಂದಂತೆ. ನಾವು ಗೇಟಿನ ಬಾಗಿಲು ಎನ್ನುವುದಿಲ್ಲವೇ, ಹಾಗೆ.

ಫ್ರೆಂಚರಲ್ಲಿ ಇದು ಮೂಜೋನ ಅಲಿಜಿಯೇ, ಅಂದರೆ ಮೂಜೋನ ವೈಟ್‌ಬೀಮ್. ಜಾನ್ ಬಾಪ್ತಿಸ್ತ್ ಮೂಜೋ 1776ರಲ್ಲಿ ಇದೇ ವೋಜ್ ಸೀಮೆಯ ಬ್ರುಯೇರ್ ಎಂಬ ಊರಿನಲ್ಲಿ ಹುಟ್ಟಿದ ವೈದ್ಯ. ನೆಪೋಲಿಯನ್ನನ ಸೇನೆಯಲ್ಲಿ ಶಸ್ತ್ರವೈದ್ಯನಾಗಿ ದುಡಿದು ಊರಿಗೆ ಮರಳಿದವನು, ರೋಗಿಗಳನ್ನು ನೋಡುತ್ತಲೇ ಜೀವಮಾನವಿಡೀ ಹಾವಸೆ, ಕಲ್ಲುಹೂವು, ಗಿಡಮರಗಳನ್ನು ಸಂಗ್ರಹಿಸಿದ. ನಾನ್ಸಿಯ ಸಸ್ಯತಜ್ಞರಾದ ಸ್ವಾಯೆ ವಿಲ್ಮೆ ಮತ್ತು ಗೊದ್ರೋನ್ 1858ರಲ್ಲಿ ಈ ಮರವನ್ನು ಹೊಸ ಪ್ರಭೇದವೆಂದು ವಿವರಿಸಿ ಅದಕ್ಕೆ ಅವನ ಹೆಸರಿಟ್ಟರು: ಸೋರ್ಬಸ್ ಮೂಜೋಟಿಯೈ. ಅದೇ ವರ್ಷದ ಡಿಸೆಂಬರಿನಲ್ಲಿ ಮೂಜೋ ತೀರಿಕೊಂಡ. ಇತ್ತೀಚೆಗೆ ಸೋರ್ಬಸ್ ಎಂಬ ದೊಡ್ಡ ಕುಲವನ್ನು ಪಾಲು ಮಾಡಿದ ಮೇಲೆ ಈ ಮರ ಹೆಡ್ಲುಂಡಿಯಾ ಎಂಬ ಮನೆಗೆ ಸೇರಿದೆ. ಆದರೆ ಹಳೆಯ ಪುಸ್ತಕಗಳಲ್ಲಿ ಹಳೆಯ ಹೆಸರೇ ಇರುವುದರಿಂದ ಎರಡೂ ಗೊತ್ತಿರಬೇಕಾಗುತ್ತದೆ.

ಹೀಗೆ ಊರ ಪಕ್ಕದ ವೈದ್ಯನ ಹೆಸರು ಹೊತ್ತ ಮರ. ಅಧ್ಯಕ್ಷರ ಅಭಿಮಾನಕ್ಕೆ ಕಾರಣವಿತ್ತು.

ಮೊದಲ ಸಲ

ಸೆಪ್ಟೆಂಬರಿನ ಒಂದು ಶನಿವಾರ ನಾವು ಮೂವರೂ ಹೊರಟೆವು. ವೋಜ್‌ನ ನೆತ್ತಿಯುದ್ದಕ್ಕೂ ಹೋಗುವ ರಸ್ತೆಯನ್ನು ಮೊದಲ ಮಹಾಯುದ್ಧದಲ್ಲಿ ಫ್ರೆಂಚ್ ಸೇನೆ ತನ್ನ ಸಾಗಾಟಕ್ಕೆಂದು ಮಾಡಿಕೊಂಡಿತ್ತು. ಈಗ ಅದು ಪ್ರವಾಸಿಗರ ದಾರಿ. ಘಟ್ಟದ ನೆತ್ತಿಯೊಂದರಲ್ಲಿ ವಾಹನ ನಿಲ್ಲಿಸುವ ಜಾಗವಿದೆ. ಇಳಿಯುತ್ತಿದ್ದಂತೆ ಅಧ್ಯಕ್ಷರು ಕೈ ತೋರಿಸಿದರು. ದುಂಡು ತಲೆಯ, ನೆಟ್ಟಗಿನ ಕಾಂಡದ, ಕೆಂಪು ಹಣ್ಣಿನ ಗೊಂಚಲು ಹೊತ್ತ ಸೊಗಸಾದ ಮರ. “ಇದೇ. ಚಿಕ್ಕಂದಿನಿಂದ ನೋಡುತ್ತಿದ್ದೇನೆ” ಎಂದರು. ಫಲಕವನ್ನು ಅಲ್ಲೇ ಹುಗಿಯುವುದು ಅವರ ಯೋಜನೆ. ನಿಂತ ಕಾರಿನಿಂದ ಇಳಿದವರಿಗೆ ಮೊದಲು ಕಾಣುವ ಮರವಲ್ಲವೇ!

ಮೇಷ್ಟರು ಒಂದು ಎಲೆ ತಿರುವಿ, ಅದರ ಮಾಸಲು ಬಿಳಿ ಬೆನ್ನನ್ನು ನೋಡಿ ಹೆಬ್ಬೆರಳಿನಿಂದ ಉಜ್ಜಿದರು. ಎಕ್ಕದೆಲೆಯ ಬಿಳುಪಾದರೆ ಪುಡಿ, ಉಜ್ಜಿದರೆ ಕೈಗೆ ಹತ್ತುತ್ತದೆ. ಇದು ಹತ್ತಲಿಲ್ಲ. ಕಣ್ಣಿಗೆ ಹತ್ತಿರ ಹಿಡಿದರೆ ಸಣ್ಣ ರೋಮಗಳು ಒಂದರ ಮೇಲೊಂದು ಒತ್ತಿಕೊಂಡು ಕಂಬಳಿಯಂತೆ ಕಾಣುತ್ತಿದ್ದವು. ಆ ಎಲೆ ನನ್ನ ಕೈಗೆ ಬಂತು, ನಾನು ಚೀಲದಲ್ಲಿದ್ದ ಪತ್ರಿಕೆಯೊಳಗೆ ಸೇರಿಸಿದೆ.

ಅಲ್ಲಿಂದ ನೆತ್ತಿಯ ಹುಲ್ಲುಗಾವಲಿನ ಮೇಲೆ ಎರಡು ಗಂಟೆ ನಡೆದೆವು. ಪೂರ್ವಕ್ಕೆ ಬೆಟ್ಟ ಥಟ್ಟನೆ ಕಡಿದು ಬೀಳುವಲ್ಲಿ ಬಂಡೆಯಂಚಿಗೆ ಅಂಟಿಕೊಂಡಂತೆ ಒಂದು ಕುಳ್ಳು, ಸೊಟ್ಟ ಮರ. ಅದರ ಎಲೆಯೊಂದು ದಾರಿಯ ಮೇಲೆ ಬಿದ್ದಿತ್ತು, ಅದನ್ನೂ ಪತ್ರಿಕೆಯೊಳಗೆ ಸೇರಿಸಿದೆ. ಸಂಜೆ ಬೇರೊಂದು ದಾರಿಯಲ್ಲಿ ಬೀಚ್ ಕಾಡಿನ ನಡುವೆ ಇಳಿಯುವಾಗ ಮತ್ತೊಂದು ಬಿಳಿ ಬೆನ್ನಿನ ಎಲೆ ಸಿಕ್ಕಿತು. ಅದೂ ಅದೇ ಹಾಳೆಯೊಳಗೆ ಹೋಯಿತು. ಚೀಟಿ ಬರೆಯಲಿಲ್ಲ. ಮೂರೂ ಒಂದೇ ಜಾತಿ ಎಂದು ನಂಬಿದ್ದವಳಿಗೆ ಚೀಟಿ ಏಕೆ ಬೇಕು?

ಮನೆಗೆ ಬಂದು ಮೂರೂ ಎಲೆಗಳನ್ನು ಮೇಜಿನ ಮೇಲೆ ಹರಡಿ, ಮೊಬೈಲಿನ ಗಿಡ ಗುರುತಿಸುವ ಆ್ಯಪ್‌ನಲ್ಲಿ ಒಂದೊಂದರ ಫೋಟೋ ತೆಗೆದೆ. ಒಂದಕ್ಕೆ ಸ್ವೀಡನ್ನಿನ ವೈಟ್‌ಬೀಮ್ ಎಂದಿತು. ಇನ್ನೊಂದಕ್ಕೆ ಬೆಟ್ಟದ್ದು ಎಂದಿತು. ಮೂರನೆಯದಕ್ಕೆ ಸಾದಾ ವೈಟ್‌ಬೀಮ್ ಎಂದಿತು. ಒಂದೇ ಮರಕ್ಕೆ ಮೂರು ಹೆಸರು ಹೇಳುವ ಯಂತ್ರವನ್ನು ನಂಬುವುದು ಹೇಗೆ ಎಂದು ನಗುತ್ತಾ ಮೇಷ್ಟರಿಗೆ ಫೋನು ಮಾಡಿದೆ. ಅವರು ನಗಲಿಲ್ಲ. “ಯಾವ ಎಲೆ ಎಲ್ಲಿಯದಮ್ಮ?” ಎಂದು ಕೇಳಿದರು.

ನನಗೆ ಗೊತ್ತಿರಲಿಲ್ಲ.

ತೊಡಕು ಎಲ್ಲಿದೆ

ಈ ಮರಗಳ ಸಂಬಂಧವೇ ಗೋಜಲು. ವೋಜ್‌ನಲ್ಲಿ ಎರಡು ಮೂಲ ಮನೆತನಗಳಿವೆ ಎಂದಿಟ್ಟುಕೊಳ್ಳಿ. ಒಂದು ಸಾದಾ ವೈಟ್‌ಬೀಮ್. ಅದರ ಎಲೆ ಇಡಿಯಾದದ್ದು, ಅಂಚಿಗೆ ದೊಡ್ಡ ಹಲ್ಲು, ಅದರ ಮೇಲೆ ಸಣ್ಣ ಹಲ್ಲು, ಬೆನ್ನು ಅಚ್ಚ ಬಿಳಿ. ಇನ್ನೊಂದು ರೋವನ್. ಅದರ ಎಲೆ ನಮ್ಮ ಬೇವಿನ ಹಾಗೆ ಕಿರುಎಲೆಗಳಾಗಿ ಒಡೆದಿರುತ್ತದೆ. ಬಹಳ ಹಿಂದೆ ಇವೆರಡರ ಬಳಗಗಳು ಕೂಡಿದ್ದರಿಂದ ಹುಟ್ಟಿದ್ದು ಬೆಟ್ಟದ ವೈಟ್‌ಬೀಮ್. ತಾಯಿಯದು ಇಡೀ ಎಲೆ, ತಂದೆಯದು ಸೀಳಿದ ಎಲೆ, ಮಗುವಿನದು ಅಂಚಿನಲ್ಲಿ ಸ್ವಲ್ಪವೇ ಸೀಳಿ ನಿಂತ ಎಲೆ. ತಾಯಿ, ತಂದೆ ಎಂಬ ಮಾತುಗಳನ್ನು ಹೇಳುವ ಅನುಕೂಲಕ್ಕೆ ಬಳಸಿದ್ದೇನೆ, ಅಷ್ಟೇ.

ಸ್ವೀಡನ್ನಿನ ವೈಟ್‌ಬೀಮ್ ಕೂಡ ಬೆರಕೆಯೇ. ಅದರಲ್ಲಿ ಮೂರನೆಯ ಮನೆತನದ ರಕ್ತವೂ ಸೇರಿದೆ. ಅದರ ತವರು ದಕ್ಷಿಣ ಸ್ಕಾಂಡಿನೇವಿಯ ಮತ್ತು ಬಾಲ್ಟಿಕ್ ಕಡಲ ಸುತ್ತಲಿನ ಸೀಮೆ. ಗಾಳಿ, ಹೊಗೆ, ಕೆಟ್ಟ ನೆಲ ಏನಿದ್ದರೂ ತಾಳುತ್ತದೆ ಎಂಬ ಕಾರಣಕ್ಕೆ ಯುರೋಪಿನ ಊರೂರಿನ ಬೀದಿಗಳಲ್ಲಿ ನೆಟ್ಟಿದ್ದಾರೆ.

ದೂರದಿಂದ ಇವೆರಡೂ ಒಂದೇ. ಎರಡಕ್ಕೂ ಬಿಳಿ ಹೂ, ಕೆಂಪು ಹಣ್ಣು, ಎರಡರ ಎಲೆಗೂ ಅಂಚಿನ ಸೀಳುಗಳ ನಡುವೆ ಚಾಚಿದ ಹಾಲೆಗಳು, ಮಾಸಲು ಬೆನ್ನು.

ಮೇಷ್ಟರ ಮೊದಲ ಸಲಹೆ ಗಿಡಮರ ಗುರುತಿಸುವ ಪುಸ್ತಕ ತೆಗೆಯಿರಿ ಎಂಬುದು. ಪುಸ್ತಕ ತೆರೆದು ನರ ಎಣಿಸಲು ಕುಳಿತೆವು. ನಡುನರದಿಂದ ಎರಡೂ ಬದಿಗೆ ಹೊರಡುವ ಪಕ್ಕದ ನರಗಳ ಜೊತೆಗಳನ್ನು ಎಣಿಸಬೇಕು. ಸ್ವೀಡನ್ನಿನದಕ್ಕೆ ಏಳರಿಂದ ಒಂಬತ್ತು, ಬೆಟ್ಟದ್ದಕ್ಕೆ ಹತ್ತರ ಆಸುಪಾಸು, ಸಾದಾ ವೈಟ್‌ಬೀಮಿಗೆ ಹತ್ತರಿಂದ ಹದಿನಾಲ್ಕು. ನಮ್ಮ ಒಂದು ಎಲೆಗೆ ಒಮ್ಮೆ ಒಂಬತ್ತು ಬಂತು, ಇನ್ನೊಮ್ಮೆ ಹತ್ತು ಬಂತು. ತುದಿಯ ಸಣ್ಣ ನರವನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ? ಮೇಷ್ಟರು ಭೂತಗನ್ನಡಿ ಕೆಳಗಿಟ್ಟು, “ಮರದ ಮುಂದೆ ನಿಂತು ಮಾಡುವ ಕೆಲಸವನ್ನು ಮೇಜಿನ ಮೇಲೆ ಮಾಡಿದರೆ ಹೀಗೆಯೇ” ಎಂದರು.

ಅಲ್ಲಿಗೆ ನಾವು ಕೈಬಿಡಬಹುದಾಗಿತ್ತು. ಹೇಗೂ ಒಂದು ಫಲಕದ ವಿಷಯ. ಆದರೆ ಮರುದಿನ ಅಧ್ಯಕ್ಷರ ಮನೆಗೆ ಹೋದಾಗ ಅವರ ಫ್ರಿಜ್ಜಿನಲ್ಲಿ ಎರಡು ಐಸ್‌ಕ್ರೀಂ ಡಬ್ಬಿಗಳನ್ನು ಕಂಡೆ. ಒದ್ದೆ ಮರಳು, ಅದರೊಳಗೆ ಬೀಜ. ವಾಹನ ನಿಲ್ಲಿಸುವ ಜಾಗದ ಮರದ ಹಣ್ಣನ್ನು ಕಿವುಚಿ ತೆಗೆದ ಬೀಜ. ಈ ಬೀಜಗಳಿಗೆ ಚಳಿಗಾಲದ ತಂಪು ತಾಗದೆ ಮೊಳಕೆ ಬರುವುದಿಲ್ಲ, ಅದಕ್ಕೇ ಫ್ರಿಜ್ಜು. ವಸಂತದಲ್ಲಿ ಸಸಿ ಮಾಡಿ, ಎರಡು ಮೂರು ವರ್ಷ ಬೆಳೆಸಿ, ನೆತ್ತಿಯ ಬಂಡೆಯಂಚಿನಲ್ಲಿ ನೆಟ್ಟು ‘ನಮ್ಮ ಮರವನ್ನು ಅದರ ಮನೆಗೆ ಮರಳಿಸುವುದು’ ಅವರ ಮನಸ್ಸಿನಲ್ಲಿತ್ತು.

ಸಾಲುಮರ

ಅಕ್ಟೋಬರಿನ ನಡುವಿನಲ್ಲಿ ಮತ್ತೆ ಹೋದೆವು. ಅಧ್ಯಕ್ಷರನ್ನು ಕರೆಯಲಿಲ್ಲ. ಅದು ಸರಿಯಾದ ನಿರ್ಧಾರವಾಗಿತ್ತೇ ಎಂಬುದರ ಬಗ್ಗೆ ಈಗಲೂ ಅನುಮಾನವಿದೆ.

ಈ ಬಾರಿ ಮೇಷ್ಟರು ಎಲೆ ಮುಟ್ಟುವ ಮೊದಲು ಮರದಿಂದ ಇಪ್ಪತ್ತು ಹೆಜ್ಜೆ ಹಿಂದೆ ಹೋಗಿ ನಿಂತರು. ಹೋದ ಸಲ ನಾವು ಒಂದು ಮರವನ್ನು ನೋಡಿದ್ದೆವು. ಈಗ ಆರು ಕಂಡವು. ಒಂದೇ ವಯಸ್ಸಿನವು, ಒಂದರಿಂದೊಂದಕ್ಕೆ ಒಂದೇ ಅಂತರ, ನೂಲು ಹಿಡಿದಂತೆ ರಸ್ತೆಗೆ ಸಮನಾಗಿ. ಮೂರನೆಯ ಮರದ ಕಾಂಡದಲ್ಲಿ ಎದೆಮಟ್ಟಕ್ಕೆ ಒಂದು ಗಾಯದ ಗೆರೆ ಸುತ್ತಿಕೊಂಡಿತ್ತು. ಬೆರಳಿಟ್ಟು ನೋಡಿದರೆ ತೊಗಟೆಯೊಳಗೆ ಅರ್ಧ ಮುಳುಗಿದ ಕಪ್ಪು ರಬ್ಬರಿನ ಪಟ್ಟಿ. ಸಸಿಯಿದ್ದಾಗ ಊರುಗೋಲಿಗೆ ಕಟ್ಟಿದ್ದನ್ನು ಯಾರೂ ಬಿಚ್ಚಿರಲಿಲ್ಲ, ಮರವೇ ಅದನ್ನು ನುಂಗುತ್ತಾ ಬಂದಿತ್ತು.

“ಇದು ಸಾಲುಮರ ಅಮ್ಮ, ಕಾಡುಮರ ಅಲ್ಲ” ಎಂದರು ಮೇಷ್ಟರು.

ಇಡೀ ಪ್ರಕರಣ ತಿರುಗಿದ್ದು ಆ ಮಾತಿನಿಂದ. ಅಲ್ಲಿಯವರೆಗೆ ನಾವು ಕೇಳುತ್ತಿದ್ದ ಪ್ರಶ್ನೆ ಈ ಎಲೆ ಯಾವುದು ಎಂಬುದಾಗಿತ್ತು. ಈ ಮರ ಇಲ್ಲಿಗೆ ತಾನಾಗಿ ಬಂತೋ, ಯಾರಾದರೂ ತಂದರೋ ಎಂದು ಕೇಳಿರಲಿಲ್ಲ. ಎಲೆಯನ್ನು ನೋಡದೆಯೇ ಅರ್ಧ ಉತ್ತರ ಸಿಕ್ಕಿತ್ತು. ನೆಟ್ಟ ಮರ ಎಂದಾಕ್ಷಣ ಅದು ಹೊರಗಿನದೇ ಎಂದಾಗುವುದಿಲ್ಲ, ಸ್ಥಳೀಯ ಮರವನ್ನೂ ಸಾಲಿನಲ್ಲಿ ನೆಡಬಹುದು. ಆದರೆ ರಸ್ತೆಯ ಪಕ್ಕ ಸಾಲಾಗಿ ನೆಟ್ಟಿದ್ದರೆ ಅದು ನರ್ಸರಿಯಿಂದ ಬಂದಿರುವ ಸಂಭವ ಹೆಚ್ಚು, ನರ್ಸರಿಯಲ್ಲಿ ಧಾರಾಳವಾಗಿ ಸಿಗುವುದು ಸ್ವೀಡನ್ನಿನದು.

ಇನ್ನು ಎಲೆಯ ಕೆಲಸ. ಮೇಷ್ಟರು ಎಲೆ ಆರಿಸಿದ ರೀತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಈ ಕುಲದಲ್ಲಿ ಹೆಚ್ಚಿನ ತಪ್ಪುಗಳು ಆಗುವುದು ಇಲ್ಲೇ. ಒಂದೇ ಮರದಲ್ಲಿ ಎರಡು ಬಗೆಯ ಕುಡಿಗಳಿರುತ್ತವೆ. ಆ ವರ್ಷ ಸರ್ರನೆ ಉದ್ದಕ್ಕೆ ಬೆಳೆದ ನೀಳ ಕುಡಿಯ ಎಲೆಗಳಲ್ಲಿ ಸೀಳು ಹೆಚ್ಚು, ಆಕಾರ ಅಂಕೆಗೆ ಸಿಗದು. ಬುಡದಿಂದ ಎದ್ದ ಚಿಗುರಿನದ್ದೂ ಹಾಗೆಯೇ. ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುವ, ಹಲವು ವರ್ಷದ ಉಂಗುರಗುರುತು ಹೊತ್ತ ಗಿಡ್ಡ ಕುಡಿಯ ತುದಿಯಲ್ಲಿ ಎಲೆಗಳು ಗುಂಪಾಗಿ ಕೂತಿರುತ್ತವೆ. ನಂಬಬೇಕಾದದ್ದು ಆ ಗುಂಪಿನ ನಡುವಿನ ಎಲೆಯನ್ನು, ಅದೂ ಬಿಸಿಲು ಕಂಡ ಕೊಂಬೆಯದನ್ನು. ನೆರಳಿನ ಎಲೆಗೆ ಕಂಬಳಿಯೂ ತೆಳು. ಮೊದಲ ಸಲ ನಾನು ಕೈಗೆಟುಕಿದ ನೀಳ ಕುಡಿಯಿಂದ ಕಿತ್ತ ಎಲೆ ಇಟ್ಟುಕೊಂಡಿದ್ದೆ.

ಹತ್ತು ಎಲೆ ತೆಗೆದೆವು. ಪ್ರತಿ ಎಲೆಯ ತೊಟ್ಟಿಗೆ ದಾರದಲ್ಲಿ ಚೀಟಿ. ಸೀಳಿನ ಆಳ ಅಳೆಯುವುದು ಸುಲಭ: ಅತಿ ಆಳದ ಸೀಳು ಇರುವಲ್ಲಿ ಹಾಲೆಯ ತುದಿಯಿಂದ ನಡುನರದವರೆಗಿನ ದೂರ ಒಂದು, ಹಾಲೆಯ ತುದಿಯಿಂದ ಸೀಳಿನ ತಳದವರೆಗಿನ ದೂರ ಇನ್ನೊಂದು. ರಸ್ತೆಯ ಮರದ ಮೊದಲ ಎಲೆಯಲ್ಲಿ 33 ಮಿಲಿಮೀಟರಿಗೆ 11. ಮೂರರಲ್ಲಿ ಒಂದು ಪಾಲು. ಉಳಿದ ಒಂಬತ್ತೂ ಹೆಚ್ಚುಕಡಿಮೆ ಅಲ್ಲೇ ಬಂದವು. ನರ ಎಂಟು ಜೊತೆ. ಬೆನ್ನು ಬಿಳಿಯಲ್ಲ, ಹಳದಿ ಬೆರೆತ ಬೂದಿ, ಹಲವು ಸಲ ಒಗೆದ ಖಾದಿಯ ಬಣ್ಣ. ಹಣ್ಣು ದುಂಡಗಿಲ್ಲದೆ ಕೊಂಚ ಉದ್ದ. ಬೆಟ್ಟದ ವೈಟ್‌ಬೀಮಿನಲ್ಲಿ ಸೀಳು ಕಾಲು ಭಾಗಕ್ಕಿಂತ ಆಳಕ್ಕೆ ಹೋಗುವುದಿಲ್ಲ, ಹಣ್ಣು ಒಂದು ಸೆಂಟಿಮೀಟರಿನಷ್ಟು, ಹೆಚ್ಚುಕಡಿಮೆ ಗುಂಡಗೆ.

ಮರದ ಮನೆ

ನೆತ್ತಿಯ ಕಡೆ ಹೋಗುವಾಗ ಮೇಷ್ಟರು ಮರದ ವಿಷಯ ಬಿಟ್ಟು ನೆಲದ ವಿಷಯ ಮಾತಾಡತೊಡಗಿದರು. ವೋಜ್ ಎತ್ತರದ ಬೆಟ್ಟವೇನಲ್ಲ. ಈ ಭಾಗದ ಹೋನೆಕ್ ಶಿಖರ 1,363 ಮೀಟರ್, ನಮ್ಮ ಮುಳ್ಳಯ್ಯನಗಿರಿಯ ಮುಂದೆ ಕುಳ್ಳ. ಆದರೂ ನೆತ್ತಿಯಲ್ಲಿ ಮರ ನಿಲ್ಲುವುದಿಲ್ಲ. ಪಡುವಣದ ಗಾಳಿ, ಹಿಮ, ಅದರ ಮೇಲೆ ಶತಮಾನಗಳ ಕಾಲ ದನ ಮೇಯಿಸಿದವರು ಕಡಿದು ಅಗಲಿಸಿದ ಹುಲ್ಲುಗಾವಲು. ಹುಲ್ಲಿನಂಚಿನಲ್ಲಿ ಬೀಚ್ ಮರಗಳು ಗಾಳಿಗೆ ಬಾಗಿ, ಗಂಟು ಕಟ್ಟಿಕೊಂಡು ಆಳೆತ್ತರಕ್ಕೆ ನಿಂತಿವೆ. ಬೇರೆ ಬೆಟ್ಟಗಳಲ್ಲಿ ಈ ಗಡಿ ಕಾಯುವುದು ಸಾಮಾನ್ಯವಾಗಿ ಸೂಚಿಪರ್ಣಿ ಮರಗಳು, ವೋಜ್‌ನಲ್ಲಿ ಬೀಚ್. ಮೇಷ್ಟರು ನಿಂತು ನೋಡಿ, “ಬಾಬಾಬುಡನ್‌ಗಿರಿಯ ಶೋಲೆಯಂಚು ನೋಡಿದ ಹಾಗಾಯಿತು” ಎಂದರು. ಅಲ್ಲಿ ಮಳೆಗಾಲದ ಗಾಳಿ, ಇಲ್ಲಿ ಚಳಿಗಾಲದ ಗಾಳಿ.

ಬೆಟ್ಟದ ಎರಡು ಮಗ್ಗುಲುಗಳು ಒಂದೇ ತೆರನಲ್ಲ. ಪಶ್ಚಿಮಕ್ಕೆ ಲೊರೇನ್ ಕಡೆ ನೆಲ ನಿಧಾನವಾಗಿ ಇಳಿಯುತ್ತದೆ. ಪೂರ್ವಕ್ಕೆ ಅಲ್ಸಾಸ್ ಕಡೆ ಹಳೆಯ ಹಿಮನದಿಗಳು ಕೊರೆದ ಬೋಗುಣಿಗಳು, ಕಡಿದಾದ ಗ್ರಾನೈಟ್ ಗೋಡೆಗಳು. ಗಾಳಿ ಪಶ್ಚಿಮದ ಹಿಮವನ್ನೆಲ್ಲ ತಳ್ಳಿಕೊಂಡು ಬಂದು ಪೂರ್ವದಂಚಿನಲ್ಲಿ ಸುರಿಯುತ್ತದೆ. ಹಿಮ ಜರಿದಾಗ ದೊಡ್ಡ ಮರಗಳು ಮುರಿಯುತ್ತವೆ. ಬೀಚ್‌ನಂಥ ನೆರಳುಗಾರ ಮರ ಗಟ್ಟಿಯಾಗಿ ನೆಲೆಯೂರಲಾಗದ ಈ ಅಂಚುಗಳಲ್ಲಿ ಬಿಸಿಲು ಧಾರಾಳ. ಬೆಟ್ಟದ ವೈಟ್‌ಬೀಮಿಗೆ ಬೇಕಾದದ್ದು ಅದೇ. ಅದು ಬೆಳಕಿನ ಮರ. ಎತ್ತರದ ಬೀಚ್‌ನ ಕೆಳಗೆ ಹುಟ್ಟಿದರೆ ಸೊರಗುತ್ತದೆ. ಬಂಡೆಯ ಬಿರುಕು, ವಿರಳ ಕಾಡಿನ ಅಂಚು, ಪೊದೆಗಳ ನಡುವೆ ಸಿಕ್ಕಿದ ಜಾಗ ಅದರ ಮನೆ. ಪಿರೆನೀಸ್, ಪಶ್ಚಿಮದ ಆಲ್ಪ್ಸ್, ಜೂರಾ ಬೆಟ್ಟಗಳಲ್ಲೂ ಅದು ಸಿಗುವುದು ಇಂಥಲ್ಲೇ.

ಇಲ್ಲಿ ಒಂದು ಅಡ್ಡಮಾತು. ವೈಟ್‌ಬೀಮ್ ಸುಣ್ಣಕಲ್ಲಿನ ನೆಲದ ಮರ, ಗ್ರಾನೈಟಿನಲ್ಲಿ ಇರಲು ಸಾಧ್ಯವಿಲ್ಲ ಎಂದು ಸಂಘದ ಒಬ್ಬರು ಮೊದಲೇ ತೀರ್ಪು ಕೊಟ್ಟಿದ್ದರು. ಸುಣ್ಣದ ನೆಲ ಅದಕ್ಕೆ ಇಷ್ಟ ಎಂಬುದು ನಿಜ. ಅದೇ ಬೇಕೆಂಬ ಹಟ ಬೆಟ್ಟದ ವೈಟ್‌ಬೀಮಿಗೆ ಇಲ್ಲ. ಪುಸ್ತಕದ ‘ಹೆಚ್ಚಾಗಿ’ ಎಂಬ ಮಾತನ್ನು ‘ಮಾತ್ರ’ ಎಂದು ಓದಿಕೊಳ್ಳುವವರು ಎಲ್ಲ ಊರಲ್ಲೂ ಇದ್ದಾರೆ.

ಬಂಡೆಯಂಚಿನ ಮರ ಇದ್ದದ್ದು ಸಂರಕ್ಷಿತ ಜಾಗದಲ್ಲಿ. ಅಲ್ಲಿ ಎಲೆ ಕೀಳುವಂತಿಲ್ಲ, ದಾರಿ ಬಿಟ್ಟು ಇಳಿಯುವಂತೆಯೂ ಇಲ್ಲ. ಒಂದೇ ಒಂದು ಎಲೆ ಕಿತ್ತರೆ ಏನಾದೀತು ಎಂಬ ಆಸೆ ನನಗೆ ಬಂತು. ಮೇಷ್ಟರು ಒಪ್ಪಲಿಲ್ಲ. ದಾರಿಗೆ ಚಾಚಿದ್ದ ಒಂದು ಕೊಂಬೆಯ ಮೇಲೆ ಪಾರದರ್ಶಕ ಸ್ಕೇಲು ಹಿಡಿದು, ಎಲೆ ಗಿಡದಲ್ಲಿರುವಾಗಲೇ ಅಳೆದು ಫೋಟೋ ತೆಗೆದೆವು. ಕೊನೆಗೆ ಅದೇ ಒಳ್ಳೆಯದಾಯಿತು. ಗಿಡ್ಡ ಕುಡಿ, ಎಲೆಯ ಗುಂಪು, ಹಿಂದಿನ ಬಂಡೆ ಎಲ್ಲವೂ ಒಂದೇ ಚಿತ್ರದಲ್ಲಿ ಬಂದವು. ಕಿತ್ತಿದ್ದರೆ ಬರೀ ಎಲೆ ಸಿಗುತ್ತಿತ್ತು.

28 ಮಿಲಿಮೀಟರಿಗೆ 5. ಐದರಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಸೀಳು. ನರ ಹತ್ತು ಜೊತೆ. ಅಗಲಕ್ಕಿಂತ ಉದ್ದ ಹೆಚ್ಚೂಕಡಿಮೆ ಒಂದೂಮುಕ್ಕಾಲು ಪಟ್ಟು. ಎಲೆಯ ಬುಡದಲ್ಲಿ ಬಿಡಿಯಾದ ಕಿರುಎಲೆಯ ಜೊತೆ ಒಂದೂ ಇಲ್ಲ. ಇದನ್ನು ನೋಡಲೇಬೇಕಾಗಿತ್ತು. ಸಾದಾ ವೈಟ್‌ಬೀಮ್ ಮತ್ತು ರೋವನ್ ಈಗಲೂ ಅಲ್ಲಲ್ಲಿ ಕೂಡಿ ಹೊಸ ಬೆರಕೆ ಹುಟ್ಟುವುದುಂಟು, ಅಂಥ ಮರದ ಎಲೆಯ ಬುಡದಲ್ಲಿ ಒಂದೆರಡು ಜೊತೆ ಕಿರುಎಲೆ ಪೂರ್ತಿ ಬಿಡಿಸಿಕೊಂಡಿರುತ್ತವೆ. ಗಾಳಿ ಬೀಸಿದಾಗ ಎಲೆಗಳು ಒಮ್ಮೆಲೇ ಮಗುಚಿ ಮರ ಹೂಬಿಟ್ಟಂತೆ ಬೆಳ್ಳಗಾಯಿತು. ಈ ಬಿಳುಪಿನಲ್ಲಿ ಹಳದಿ ಇರಲಿಲ್ಲ.

ಬೀಜದ ಮಾತು

ಎರಡು ಬೇರೆ ಮರಗಳು ಎಂಬುದು ಖಚಿತವಾದ ಮೇಲೆ ಉಳಿದದ್ದು ಫ್ರಿಜ್ಜಿನ ಡಬ್ಬಿಗಳು. ಬೀಜದಿಂದ ಬರುವ ಸಸಿ ತಾಯಿಯ ಹಾಗೆಯೇ ಇರಬೇಕೆಂದಿಲ್ಲ, ಬೆಟ್ಟದಲ್ಲಿ ಬೆರೆತು ಹೋಗುತ್ತದೆ ಬಿಡಿ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೆ. ಮೇಷ್ಟರು ಕೇಳಿದರು, “ಬಪ್ಪಕಾಯಿ ಮಾವಿನ ಗೊರಟು ನೆಟ್ಟಿದ್ದೀಯಾ?”

ಕರಾವಳಿಯ ಬಪ್ಪಕಾಯಿ ತಳಿಯ ಒಂದು ಗೊರಟಿನಿಂದ ಹಲವು ಮೊಳಕೆಗಳು ಏಳುತ್ತವೆ. ಅವುಗಳಲ್ಲಿ ಹೆಚ್ಚಿನವು ತಾಯಿಯ ಅಂಗಾಂಶದಿಂದಲೇ ಹುಟ್ಟಿದವು, ತಂದೆಯ ಪಾಲಿಲ್ಲದವು. ಹಾಗಾಗಿ ಸಸಿಗಳೆಲ್ಲ ಒಂದೇ ಸಮನಾಗಿರುತ್ತವೆ, ಕಸಿಗೆ ಬುಡಗಿಡವಾಗಿ ಬಳಸುತ್ತಾರೆ. ಸ್ವೀಡನ್ನಿನ ವೈಟ್‌ಬೀಮಿನಲ್ಲೂ, ಬೆಟ್ಟದ ವೈಟ್‌ಬೀಮಿನಲ್ಲೂ ಅದೇ ಕಥೆ, ವಿಧಾನ ಮಾತ್ರ ಬೇರೆ. ಸಾದಾ ವೈಟ್‌ಬೀಮಿನಲ್ಲಿ ಹದಿನೇಳು ಜೊತೆ ವರ್ಣತಂತುಗಳಿದ್ದು, 34ರ ಲೆಕ್ಕ. ಬೆಟ್ಟದ್ದರಲ್ಲಿ ಅದರ ಇಮ್ಮಡಿ, 68. ಬೀಜದೊಳಗಿನ ಆಹಾರ ಕೂಡಿಡಲು ಪರಾಗ ಬೇಕು, ಭ್ರೂಣಕ್ಕೆ ಬೇಡ. ಪ್ರತಿ ಸಸಿಯೂ ತಾಯಿಯ ಪಡಿಯಚ್ಚು. ಅಂದರೆ ಎರಡು ಡಬ್ಬಿಯ ತುಂಬ ಇದ್ದದ್ದು ಬಾಲ್ಟಿಕ್ ಸೀಮೆಯ ಒಂದೇ ಮರದ ನೂರಾರು ನಕಲುಗಳು. ಬಂಡೆಯಂಚಿನಲ್ಲಿ ಅವನ್ನು ನೆಟ್ಟರೆ ಬೆರೆತು ಕರಗುವುದಿಲ್ಲ, ಹಾಗೆಯೇ ಉಳಿದು ಹಣ್ಣು ಬಿಟ್ಟು, ಹಕ್ಕಿಗಳಿಂದ ಹರಡುತ್ತಾ ಹೋಗುತ್ತವೆ.

ಹೇಳುವುದು ಯಾರು? ಆ ಸಂಜೆ ನಾನೇ ಹೇಳಿದೆ, ಕೆಟ್ಟದಾಗಿ ಹೇಳಿದೆ. ಅಳತೆಗಳ ಪಟ್ಟಿ ಮುಂದಿಟ್ಟೆ. ಅರ್ಧ ಶತಮಾನದಿಂದ ನೋಡಿದ ಮರವನ್ನು ಒಂದು ಸ್ಕೇಲು ಹಿಡಿದು ಸುಳ್ಳು ಮಾಡುತ್ತೀರಾ ಎಂದು ಅಧ್ಯಕ್ಷರು ಮುಖ ಕೆಂಪಗೆ ಮಾಡಿಕೊಂಡರು. ಅವರನ್ನು ಬಿಟ್ಟು ಹೋದದ್ದು ಅವರಿಗೆ ಹೆಚ್ಚು ನೋವು ತಂದಿತ್ತು.

ಮೇಷ್ಟರಿಗೆ ಫ್ರೆಂಚ್ ಬರುವುದಿಲ್ಲ. ಅವರು ಸುಮ್ಮನೆ ಎರಡು ಎಲೆ ತೆಗೆದರು. ಒಂದು ರಸ್ತೆಯ ಮರದ್ದು, ಇನ್ನೊಂದು ಬಂಡೆಯ ಮರದಡಿ ದಾರಿಯಲ್ಲಿ ಬಿದ್ದು ಸಿಕ್ಕಿದ್ದು. ಎರಡನ್ನೂ ಬೆನ್ನು ಮೇಲೆ ಮಾಡಿ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ದೀಪ ಹತ್ತಿರ ಸರಿಸಿದರು. ಅಧ್ಯಕ್ಷರು ಬಹಳ ಹೊತ್ತು ನೋಡಿದರು. ಆಮೇಲೆ ಬಿಳಿಯ ಎಲೆಯನ್ನು ಕೈಗೆತ್ತಿಕೊಂಡು, ಇದು ಯಾವ ಬಂಡೆಯ ಹತ್ತಿರದ್ದು ಎಂದು ನನ್ನನ್ನು ಕೇಳಿದರು. ಹೇಳಿದೆ. ಆ ಬಂಡೆಯ ಪಕ್ಕದಲ್ಲಿ ಅವರ ಅಜ್ಜ ದನ ಕಾಯುತ್ತಿದ್ದರಂತೆ. ಆ ಮರವನ್ನು ಅವರು ನೋಡಿದ್ದರು, ಅದನ್ನು ರೋವನ್ನಿನ ಕೆಟ್ಟುಹೋದ ತಳಿ ಎಂದುಕೊಂಡಿದ್ದರಂತೆ.

ಆದದ್ದೇನು

ಬೀಜ ಗೊಬ್ಬರದ ಗುಂಡಿಗೆ ಹೋಗಲಿಲ್ಲ, ಅಲ್ಲಿ ಮೊಳೆತೀತು ಎಂದು ಅಧ್ಯಕ್ಷರು ಒಲೆಗೆ ಹಾಕಿದರು. ಬೆಟ್ಟದಲ್ಲಿ ಸಸಿ ನೆಡುವ ಯೋಜನೆಯನ್ನು ಸಂಘ ಕೈಬಿಟ್ಟಿತು. ಬಂಡೆಯಂಚಿನ ಮರಕ್ಕೆ ನೆಡುವವರ ನೆರವು ಬೇಕಾಗಿರಲಿಲ್ಲ. ಅದಕ್ಕೆ ತೊಂದರೆ ಕೊಡುತ್ತಿದ್ದದ್ದು ಎಳೆ ಕುಡಿ ತಿನ್ನುವ ಶಮ್ವಾ ಆಡುಗಳು. ಅವೂ ಇಲ್ಲಿಯ ಹಳೆಯ ನಿವಾಸಿಗಳಲ್ಲ, 1956ರಲ್ಲಿ ಜರ್ಮನಿಯ ಕಪ್ಪುಕಾಡಿನಿಂದ ತಂದು ಬಿಟ್ಟವು. ಈ ವಿಷಯ ಎತ್ತಿದಾಗ ಅಧ್ಯಕ್ಷರು ಮಾತು ಬದಲಿಸಿದರು. ಶಮ್ವಾಗಳ ಮೇಲೂ ಅವರಿಗೆ ಅಭಿಮಾನ.

ರಸ್ತೆಯ ಮರದ ಬಳಿ ಫಲಕ ಬಂತು: ಸ್ವೀಡನ್ನಿನ ವೈಟ್‌ಬೀಮ್, ನೆಟ್ಟದ್ದು. ಹದಿಮೂರನೆಯ ಫಲಕ ಕಣಿವೆಯ ಕಡೆ ಮುಖ ಮಾಡಿದ ನೋಟದ ಜಾಗದಲ್ಲಿದೆ, ಎದುರಿನ ಬಂಡೆಗಳಲ್ಲಿ ಬೆಳ್ಳಗೆ ಹೊಳೆಯುವ ಮರಗಳನ್ನು ನೋಡಿ ಎನ್ನುತ್ತದೆ. ಇಂಥದೇ ಮರ ಎಂದು ಬೊಟ್ಟು ಮಾಡುವುದಿಲ್ಲ. ಮೇ ತಿಂಗಳ ಕೊನೆಗೆ ನಾನೊಬ್ಬಳೇ ಮತ್ತೆ ಹೋಗಿದ್ದೆ. ಬೋಗುಣಿಯ ತಳದಲ್ಲಿ ಇನ್ನೂ ಹಿಮದ ತೇಪೆಗಳಿದ್ದವು. ಮರದ ಎಳೆಯ ಎಲೆಗಳು ಮೇಲಕ್ಕೆ ಕೈಮುಗಿದಂತೆ ನಿಂತು ಬಿಳಿ ಬೆನ್ನನ್ನು ಹೊರಗೆ ಮಾಡಿದ್ದವು. ಹೂ ನೋಡಿ ಗುರುತಿಸೋಣ ಎಂದು ಹೊರಟವಳಿಗೆ ಹೂವಿನಿಂದ ಏನೂ ಪ್ರಯೋಜನವಾಗಲಿಲ್ಲ, ಎರಡು ಮರಗಳ ಹೂವೂ ಒಂದೇ. ಚಿತ್ರಗಳನ್ನು ಈ ಕುಲ ಬಲ್ಲ ಒಬ್ಬರಿಗೆ ಕಳುಹಿಸಿದೆ. ಬೆಟ್ಟದ ವೈಟ್‌ಬೀಮ್ ಎಂದೇ ಒಪ್ಪಿದರು. ಈ ಬಗೆಯ ನಕಲು ಮರಗಳಲ್ಲಿ ಒಂದು ಕಣಿವೆಯದು ಇನ್ನೊಂದು ಕಣಿವೆಯದಕ್ಕಿಂತ ಕೂದಲೆಳೆಯಷ್ಟು ಬೇರೆಯಿರಬಹುದು, ಅದನ್ನು ಹೇಳಲು ವರ್ಣತಂತು ಎಣಿಸಬೇಕು ಎಂಬ ಷರತ್ತಿನ ಮೇಲೆ.

ಈ ಕೆಲಸ ಮತ್ತೆ ಮಾಡಬೇಕಾಗಿ ಬಂದರೆ ನಾನು ಬದಲಿಸುವುದು ಎರಡನ್ನು. ಅಧ್ಯಕ್ಷರನ್ನು ಎರಡನೆಯ ಸಲವೂ ಕರೆದೊಯ್ಯುತ್ತೇನೆ. ರಬ್ಬರಿನ ಪಟ್ಟಿಯ ಮೇಲೆ ಅವರೇ ಬೆರಳಿಟ್ಟಿದ್ದರೆ ಅಳತೆಯ ಪಟ್ಟಿ ಬೇಕಾಗುತ್ತಿರಲಿಲ್ಲ. ಮತ್ತೆ, ಎಲೆ ಕೈಗೆ ಬಂದ ಕ್ಷಣವೇ ಚೀಟಿ ಬರೆಯುತ್ತೇನೆ: ಯಾವ ಮರ, ಯಾವ ಕುಡಿ, ಎಂಥ ನೆಲ, ಮರ ಸಾಲಿನಲ್ಲಿದೆಯೇ ಒಂಟಿಯೇ. ನರ ಎಣಿಸುವುದು, ಸೀಳು ಅಳೆಯುವುದು ಅದರ ನಂತರದ ಮಾತು. ಆ್ಯಪ್ ವಿಚಾರದಲ್ಲಿ ನಾನು ನಕ್ಕದ್ದು ತಪ್ಪು. ಎರಡು ಎಲೆಗಳ ವಿಷಯದಲ್ಲಿ ಅದು ಮೊದಲ ದಿನವೇ ಸರಿ ಹೇಳಿತ್ತು, ಬಹುಶಃ ಮೂರನೆಯದರಲ್ಲೂ. ಎಲೆಗೆ ಹೆಸರು ಸಿಕ್ಕಿತ್ತು, ಆ ಎಲೆ ಬಿಟ್ಟ ಮರವನ್ನು ಕಳೆದುಕೊಂಡವಳು ನಾನು.

ಮೇಷ್ಟರು ನವೆಂಬರಿನ ಮೊದಲ ವಾರ ಊರಿಗೆ ಹೊರಟರು. ಹೊರಡುವ ಮುನ್ನ ಒಣಗಿದ ಎಲೆಗಳನ್ನು ರಟ್ಟಿನ ಮೇಲೆ ಹೊಲಿದು, ಪ್ರತಿಯೊಂದರ ಕೆಳಗೂ ತಮ್ಮ ದುಂಡು ಅಕ್ಷರದಲ್ಲಿ ವಿವರ ಬರೆದುಕೊಟ್ಟರು. ಮೊದಲ ಸಲದ ಪತ್ರಿಕೆಯಿಂದ ಉಳಿದಿದ್ದ, ಬೀಚ್ ಕಾಡಿನಲ್ಲಿ ಸಿಕ್ಕಿತೆಂದು ನಾನು ಅಂದಾಜಿಸಿದ ಎಲೆಯನ್ನೂ ಹೊಲಿದಿದ್ದಾರೆ. ಅದರ ಕೆಳಗಿನ ಗೆರೆ ಖಾಲಿ ಇದೆ. ಕಳೆದ ವಾರ ಅಡಿಕೆ ಕೊಯ್ಲಿನ ಫೋಟೋ ಕಳುಹಿಸಿದವರು ಕೊನೆಯಲ್ಲಿ ಕೇಳಿದ್ದರು: “ಆ ಮೂರನೆಯ ಮರ ಸಿಕ್ಕಿತಾ?”

ಆ ದಾರಿಯಲ್ಲಿ ನಾಲ್ಕು ಸಲ ಇಳಿದಿದ್ದೇನೆ. ಇನ್ನೂ ಇಲ್ಲ.